ತಂಗಿಗೆ ಕೇಳಿಸುತ್ತಿದ್ದ ಮಾತು

ಫೆಬ್ರವರಿ ೯

ಪ್ರೀತಿಯ ಅಣ್ಣ,

ನಿನ್ನ ಕಾಗದ ಬಂತು. ಕವರ್ ಮೇಲೆ ಎಣ್ಣೆ ಕಲೆ, ಒಳಗೆ ಮೂರೇ ಸಾಲು. ಅಷ್ಟುದ್ದದ ಸೇತುವೆಗೆ ವೆಲ್ಡಿಂಗ್ ಮಾಡೋನಿಗೆ ನಾಲ್ಕು ಸಾಲು ಜೋಡಿಸೋಕೆ ಬರಲ್ವಾ? ಆ ಕಣಿವೇಲಿ ಫೋನ್ ಸಿಗೋ ಹಾಗಿದ್ರೆ ಚೆನ್ನಾಗಿ ಬೈತಿದ್ದೆ. ಸಿಗಲ್ಲ, ಬಚಾವಾದೆ.

ನನ್ನ ಕೆಲಸ ಚೆನ್ನಾಗಿದೆ. ಯಾವುದೋ ದೊಡ್ಡ ಹೋಟೆಲಿನ ನೌಕರರಿಗೆಲ್ಲ ಕೋಟು ಹೊಲಿಯೋ ಆರ್ಡರ್ ಬಂದಿದೆ. ಬಟ್ಟೇನ ಪದರ ಪದರವಾಗಿ ಹಾಸಿ, ಮೇಲೆ ಚಾಕ್‌ನಲ್ಲಿ ಗುರುತು ಹಾಕಿ, ಮಿಷಿನ್ ಚಾಕು ಓಡಿಸಿದ್ರೆ ಒಂದೇ ಏಟಿಗೆ ಅಷ್ಟೂ ತೋಳು ಬೇರೆಯಾಗುತ್ತೆ. ಮಾಸ್ಟರ್ ನನ್ನ ಟೇಬಲ್ ಹತ್ತಿರ ನಿಂತು ನೋಡಿ, ಏನೂ ಹೇಳದೆ ಹೋದ್ರು. ಅವರು ಏನೂ ಹೇಳಲಿಲ್ಲ ಅಂದ್ರೆ ಹೊಗಳಿದ ಹಾಗೆ.

ನಿದ್ದೆ ಮಾತ್ರ ಸರಿಯಾಗಿ ಬರ್ತಿಲ್ಲ. ಇನ್ನೊಂದು ವಿಷಯ. ನಾನು ಒಳಗೆ ಕಾಲಿಟ್ಟ ತಕ್ಷಣ ಹೊಲಿಯೋ ಹೆಂಗಸರೆಲ್ಲ ಮಾತು ನಿಲ್ಲಿಸ್ತಾರೆ. ಮೊದಲು ಹೀಗಿರಲಿಲ್ಲ. ಹೋಗ್ಲಿ ಬಿಡು.

ಅಮ್ಮನಿಗೆ ಕಾಗದ ಬರಿ. ಚಿಕ್ಕಮ್ಮನ ಮನೇಲಿ ಅವಳಿಗೆ ಹೊತ್ತೇ ಹೋಗ್ತಿಲ್ವಂತೆ.

ನಿನ್ನ ತಂಗಿ

---

ಫೆಬ್ರವರಿ ೨೬

ಪ್ರೀತಿಯ ಕತ್ತರಿ,

ಅಮ್ಮನ ಪರದೆ ಕತ್ತರಿಸಿ ಗೊಂಬೆಗೆ ಅಂಗಿ ಹೊಲಿದ ದಿನ ಇಟ್ಟ ಹೆಸರು, ಕೊನೆಗೂ ಸಂಬಳ ತರ್ತಿದೆ ನೋಡು.

ಆ ಹೆಂಗಸರಿಗೆ ಹೊಟ್ಟೆಕಿಚ್ಚು, ಇನ್ನೇನಿರುತ್ತೆ? ನೆನ್ನೆ ಮೊನ್ನೆ ಬಂದವಳನ್ನ ಕಟಿಂಗ್ ಟೇಬಲ್‌ಗೆ ಹಾಕಿದ್ರೆ ಸುಮ್ಮನಿರ್ತಾರಾ? ಇಲ್ಲೂ ಅಷ್ಟೆ. ನನ್ನನ್ನ ಮೇಲಿನ ಕಮಾನಿನ ಕೆಲಸಕ್ಕೆ ಹಾಕಿದಾಗ ಹಳಬರು ಒಂದು ವಾರ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಆಮೇಲೆ ತಾವೇ ದಾರಿಗೆ ಬಂದ್ರು. ಹೊಟ್ಟೆ ತುಂಬ ಊಟ ಮಾಡು, ಮಲಗೋ ಮುಂಚೆ ಚಹಾ ಕುಡೀಬೇಡ, ತಲೆ ಕೆಡಿಸ್ಕೋಬೇಡ.

ಈ ಸಲ ಮೂರು ಸಾಲಿಗಿಂತ ಜಾಸ್ತಿ ಬರೆದಿದ್ದೀನಿ. ಸಮಾಧಾನವಾಯ್ತಾ?

ನಿನ್ನ ಅಣ್ಣ

---

ಮಾರ್ಚ್ ೨೦

ಅಣ್ಣ,

ಹೊಟ್ಟೆಕಿಚ್ಚಲ್ಲ. ನಾನು ಗಮನಿಸಿ ನೋಡಿದ್ದೀನಿ. ಚಾಕ್ ಗುರುತೆಲ್ಲ ತೋಳಿಗೆ, ಕಾಲರಿಗೆ ಅಂತ ಅಂದ್ಕೊಂಡಿದ್ದೆ. ಅಲ್ಲ. ಅದರಲ್ಲಿ ಕೆಲವು ನನಗೆ ಅಂತಲೇ ಹಾಕಿದ್ದು. ಅಡ್ಡಗೆರೆ ಇದ್ರೆ ಆ ದಿನ ಬಾಗಿಲ ಕಡೆ ಹೋಗಬಾರದು. ಬೇರೆ ಯಾರಿಗೂ ಅದು ಗೊತ್ತಾಗಲ್ಲ, ಅಷ್ಟು ಜಾಣತನದಿಂದ ಹಾಕಿರ್ತಾರೆ.

ನನ್ನ ರೂಮಿನ ಗೋಡೆಯಾಚೆ ಒಬ್ಬ ಇದ್ದಾನೆ. ನಾನು ಮಾಡೋದನ್ನೆಲ್ಲ ಯಾರಿಗೋ ಒಪ್ಪಿಸ್ತಾ ಇರ್ತಾನೆ. 'ಈಗ ಎದ್ದಳು. ಈಗ ನೀರು ಕುಡಿದಳು. ಈಗ ಬರೀತಿದ್ದಾಳೆ.' ಜೋರಾಗಿ ಅಲ್ಲ, ಸಾಮಾನ್ಯವಾಗಿ ಮಾತಾಡೋ ಹಾಗೆ.

ಕಿಟಕಿಗೆ ರಟ್ಟು ಅಂಟಿಸಿದ್ದೀನಿ.

---

ಏಪ್ರಿಲ್ ೪

ಪ್ರೀತಿಯ ಕತ್ತರಿ,

ಗೋಡೆಯಾಚೆಯವನಿಗೆ ವಯಸ್ಸೆಷ್ಟು? ನೋಡೋಕೆ ಹೇಗಿದ್ದಾನೆ? ನನ್ನ ತಂಗಿ ಎದ್ದಳು, ಕೂತಳು ಅಂತ ಇಡೀ ದಿನ ಲೆಕ್ಕ ಇಡೋನಿಗೆ ಬೇರೆ ಕಸುಬಿಲ್ವಾ ಅಂತ ಕೇಳಬೇಕು.

ತಮಾಷೆ ಹಾಗಿರಲಿ. ಅವನು ಕಾಟ ಕೊಡ್ತಿದ್ರೆ ಮನೆ ಓನರಮ್ಮನಿಗೆ ಹೇಳು. ಕೇಳದಿದ್ರೆ ರೂಮ್ ಬದಲಾಯಿಸು, ಅಡ್ವಾನ್ಸ್ ನಾನು ಕಳಿಸ್ತೀನಿ. ಮಾಸ್ಟರಿಗೂ ಹೇಳಿ ನಾಲ್ಕು ದಿನ ರಜ ತಗೋ. ಒಂದೇ ಸಮನೆ ಆ ಮಿಷಿನ್ ಸದ್ದಿನಲ್ಲಿ ನಿಂತ್ರೆ ಯಾರಿಗಾದ್ರೂ ತಲೆ ಚಿಟ್ಟು ಹಿಡಿಯುತ್ತೆ.

ಇಲ್ಲಿ ಕಂಬಗಳ ನಡುವೆ ದೊಡ್ಡ ತೊಲೆ ಕೂರಿಸ್ತಿದ್ದಾರೆ. ಸದ್ಯಕ್ಕೆ ಬರೋಕಾಗಲ್ಲ. ಮೇ ತಿಂಗಳಲ್ಲಿ ಖಂಡಿತ.

ನಿನ್ನ ಅಣ್ಣ

---

ಏಪ್ರಿಲ್ ೧೭

ಓನರಮ್ಮನಿಗೆ ಹೇಳಿದೆ. ಪಕ್ಕದ ರೂಮು ಖಾಲಿ ಅಂದ್ರು. ಬೀಗ ತೆಗೆದು ತೋರಿಸಿದ್ರು. ಒಳಗೆ ಒಂದು ಮುರಿದ ಮಂಚ ಬಿಟ್ರೆ ಏನೂ ಇರಲಿಲ್ಲ.

ಅವರೂ ಅವನ ಕಡೆಯವರೇ.

ಇನ್ಮೇಲೆ ನನ್ನನ್ನ ಕತ್ತರಿ ಅಂತ ಬರೀಬೇಡ. ಅವನಿಗೂ ಆ ಹೆಸರು ಗೊತ್ತಾಗಿದೆ.

---

ಮೇ ೨೮

ಪ್ರೀತಿಯ ತಂಗಿ,

ಇದನ್ನ ನಿನಗೆ ಕೊಡೋದು ಯಾವಾಗ ಅಂತ ಡಾಕ್ಟರಮ್ಮ ನಿರ್ಧಾರ ಮಾಡ್ತಾರಂತೆ. ಆದ್ರೂ ಬರೀತಿದ್ದೀನಿ. ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ಹಾಗಾಗಿ ನಡೆದದ್ದನ್ನ ನಡೆದ ಹಾಗೇ ಹೇಳ್ತೀನಿ.

ನಿಮ್ಮ ಮಾಸ್ಟರ್ ಪೇಟೆಯಲ್ಲಿರೋ ನಮ್ಮ ಮುಖ್ಯ ಆಫೀಸಿಗೆ ಫೋನ್ ಮಾಡಿದ್ರು, ಅಲ್ಲಿಂದ ಕ್ಯಾಂಪಿಗೆ ಸುದ್ದಿ ಬಂತು. ನೀನು ಮೇಜಿನ ಮೇಲಿದ್ದ ಬಟ್ಟೆಯಲ್ಲಿ ಚಾಕ್ ಗುರುತಿದ್ದ ಜಾಗವನ್ನೆಲ್ಲ ಕತ್ತರಿಸಿ ತೆಗೆದಿದ್ದೆಯಂತೆ. ಯಾರಾದ್ರೂ ಹತ್ತಿರ ಬಂದ್ರೆ ಮೇಜಿನ ಕೆಳಗೆ ಹೋಗ್ತಿದ್ದೆಯಂತೆ. ನಾನು ಬರೋ ಹೊತ್ತಿಗೆ ನೀನು ರೂಮಿನ ಮೆಟ್ಟಿಲ ಮೇಲೆ ಕೂತಿದ್ದೆ. ಓನರಮ್ಮ ನಿನ್ನಿಂದ ಸ್ವಲ್ಪ ದೂರದಲ್ಲಿ ತಾವೂ ಮೆಟ್ಟಿಲ ಮೇಲೇ ಕೂತಿದ್ರು, ಕೈಯಲ್ಲಿ ಬ್ರೆಡ್ ತಟ್ಟೆ ಹಿಡಿದು. 'ಬೆಳಗಿನಿಂದ ನಾನು ತಿಂದು ತೋರಿಸಿದ್ರೂ ತಿಂತಿಲ್ಲ' ಅಂದ್ರು. ಅವರನ್ನ ತಪ್ಪು ತಿಳೀಬೇಡ.

ನನ್ನನ್ನ ನೋಡಿ ನೀನು, 'ವೇಷ ಚೆನ್ನಾಗಿದೆ, ಆದ್ರೆ ನಮ್ಮಣ್ಣ ಹೀಗೆ ನಿಲ್ಲಲ್ಲ' ಅಂದೆ. ನಾನು ಹೇಗೆ ನಿಲ್ತೀನಿ ಅಂತ ನನಗೇ ಮರೆತುಹೋಯ್ತು.

ಆಸ್ಪತ್ರೆಗೆ ಹೇಗೆ ಹೋದ್ವಿ ಅಂತ ಬರೆಯಲ್ಲ. ನಿನಗೆ ನೋವಾಗೋ ಹಾಗೆ ಯಾರೂ ಹಿಡೀಲಿಲ್ಲ ಅಂತ ಮಾತ್ರ ತಿಳ್ಕೋ.

ಇದಕ್ಕೆ ಸ್ಕಿಜೋಫ್ರೇನಿಯಾ ಅಂತಾರೆ ಅಂದ್ರು ಡಾಕ್ಟರಮ್ಮ. ಆ ಪದಾನ ಮೂರು ಸಲ ಕೇಳಿ ಬರೆಸಿಕೊಂಡೆ. ಔಷಧಿಗೆ ಬಗ್ಗುತ್ತೆ ಅಂದ್ರು. ಅಮ್ಮ ಬಂದು ನಿನ್ನ ರೂಮಿನಲ್ಲೇ ಇದ್ದಾಳೆ. ಅಮ್ಮ ಚೆನ್ನಾಗಿದ್ದಾಳೆ. ರಟ್ಟು ತೆಗೆಯೋಕೆ ಹೋದವಳನ್ನ ನಾನೇ ಬೇಡ ಅಂದೆ. ನೀನು ಬಂದ ಮೇಲೆ ನೀನೇ ತೆಗಿ.

ಅಣ್ಣ

---

ಜೂನ್ ೧೫

ಅಣ್ಣನಿಗೆ,

ಅಕ್ಷರ ನೋಡಿ ಗಾಬರಿಯಾಗಬೇಡ. ಮಾತ್ರೆಯಿಂದ ಕೈ ನಡುಗುತ್ತೆ. ಅದಕ್ಕೆ ಇನ್ನೊಂದು ಮಾತ್ರೆ ಕೊಟ್ಟಿದ್ದಾರೆ.

ಇಲ್ಲಿ ಹಸಿರು ಬಣ್ಣದ ಗೋಡೆ, ಎಂಟು ಹಾಸಿಗೆ. ನನ್ನ ಪಕ್ಕದವರು ಕಾಲೇಜಿನಲ್ಲಿ ಪಾಠ ಹೇಳ್ತಿದ್ದವರು, ಬೆಳಿಗ್ಗೆ ಎದ್ದ ತಕ್ಷಣ ಎಲ್ಲರ ಹಾಜರಿ ತಗೊಳ್ತಾರೆ. ನಾವೂ 'ಬಂದಿದ್ದೀವಿ' ಅಂತೀವಿ. ತುಂಬಾ ನಿದ್ದೆ. ತುಂಬಾ ಹಸಿವು. ಅಳು ಬರಲ್ಲ, ನಗೂ ಬರಲ್ಲ, ಹತ್ತಿ ತುಂಬಿದ ಹಾಗಿದೆ.

ಆ ಧ್ವನಿ ಇನ್ನೂ ಇದ್ಯಾ ಅಂತ ದಿನಾ ಕೇಳ್ತಾರೆ. ಇಲ್ಲ ಅಂತೀನಿ.

ನೀನು ಮೆಟ್ಟಿಲ ಹತ್ತಿರ ನಿಂತಿದ್ದು ನೆನಪಿದೆ. ಒಂದು ಭುಜ ಕೆಳಗೆ ಮಾಡಿ ನಿಲ್ಲೋನು ನೀನು. ಅವತ್ತು ನೆಟ್ಟಗೆ ನಿಂತಿದ್ದೆ.

ತಂಗಿ

---

ಜುಲೈ ೧೦

ಪ್ರೀತಿಯ ತಂಗಿ,

ನೀನು ಮನೆಗೆ ಬಂದೆ, ಧ್ವನಿ ಪೂರ್ತಿ ಹೋಗಿದೆ ಅಂತ ಅಮ್ಮ ಬರೆದಿದ್ದಾಳೆ. ಓದಿ ಕುಣಿದಾಡಿಬಿಟ್ಟೆ. ಅಮ್ಮನಿಂದ ನನ್ನ ವಿಷಯ ನಿನಗೂ ಗೊತ್ತಾಗಿರುತ್ತೆ. ಆದ್ರೂ ನಾನೇ ಹೇಳ್ತೀನಿ.

ನಮ್ಮ ಕ್ಯಾಂಪಿನ ಸ್ಟೋರ್ ನೋಡ್ಕೊಳ್ಳೋರು ಒಬ್ಬರಿದ್ದಾರೆ. ಕೈಗವಸು ಹರಿದಿದೆ, ಹೊಸದು ಬೇಕು ಅಂತ ಹೋದ್ರೆ, ಹಳೇದನ್ನ ತಿರುಗಿಸಿ ನೋಡಿ 'ಇದಕ್ಕೆ ಇನ್ನೂ ಹದಿನೈದು ದಿನ ಆಯಸ್ಸಿದೆ' ಅಂತ ವಾಪಸ್ ಕಳಿಸ್ತಾರೆ. ಇಡೀ ಕ್ಯಾಂಪಿಗೆ ಅವರಂದ್ರೆ ಭಯ. ನನಗೂ ಇತ್ತು. ಈಗ ಅವರ ಜೊತೆಗೇ ನವೆಂಬರಿನಲ್ಲಿ ಮದುವೆ ಅಂತ ಮಾತಾಗಿದೆ, ರಿಜಿಸ್ಟರ್ ಆಫೀಸಿನಲ್ಲಿ. ಅವರ ತಂದೆ ರೈಲ್ವೆ ಗಾರ್ಡ್ ಆಗಿದ್ದವರು, ಬಿಗಿ ಮನುಷ್ಯ.

ನೀನು ಅಷ್ಟರಲ್ಲಿ ಪೂರ್ತಿ ಹುಷಾರಾಗಬೇಕು. ಅದೊಂದೇ ನಾನು ಕೇಳೋದು.

ಅಣ್ಣ

---

ಆಗಸ್ಟ್ ೫

ಪ್ರೀತಿಯ ಅಣ್ಣ,

ಕೊನೆಗೂ ನಿನಗೆ ಲೆಕ್ಕ ಕೇಳೋರು ಸಿಕ್ಕಿದ್ರು! ಅತ್ತಿಗೆ ಅಂತ ಈಗಲೇ ಕರೀಬಹುದಾ?

ನಾನು ಅರ್ಧ ದಿನ ಕೆಲಸಕ್ಕೆ ಹೋಗ್ತಿದ್ದೀನಿ. ಮಾತ್ರೆ ಬದಲಾಯಿಸಿದ ಮೇಲೆ ಕೈ ನಡುಕ ನಿಂತಿದೆ, ಆದ್ರೆ ನನ್ನ ಅಂಗಿಗಳೆಲ್ಲ ಬಿಗಿಯಾಗಿವೆ. ಮಾಸ್ಟರ್ ಸದ್ಯಕ್ಕೆ ಮಿಷಿನ್ ಚಾಕು ಕೊಟ್ಟಿಲ್ಲ, ಕಾಲರ್ ಜೋಡಿಸೋ ಕೆಲಸ. ಹೊಲಿಯೋ ಹೆಂಗಸರು ನಾನು ಒಳಗೆ ಹೋದಾಗ ಈಗ ನಿಜವಾಗಿ ಮಾತು ನಿಲ್ಲಿಸ್ತಾರೆ. ಆಗ ಇದು ಸುಳ್ಳಾಗಿತ್ತು, ಈಗ ನಿಜ. ಡಾಕ್ಟರಮ್ಮನಿಗೆ ಹೇಳಿದ್ರೆ ಅವರಿಗೂ ನಗು ತಡೆಯೋಕಾಗಲಿಲ್ಲ.

ಅಮ್ಮ ಚೆನ್ನಾಗಿದ್ದಾಳೆ ಅಂತ ಬರೆದಿದ್ದೆಯಲ್ಲ, ಚೆನ್ನಾಗಿಲ್ಲ. ನಾನು ಹೊಟ್ಟೇಲಿದ್ದಾಗ ಅವಳಿಗೆ ಜ್ವರ ಬಂದಿತ್ತಂತೆ, ಅದರಿಂದ ಹೀಗಾಯ್ತಾ? ಅಪ್ಪ ತೀರಿಕೊಂಡ ವರ್ಷ ನನ್ನನ್ನ ಹಾಸ್ಟೆಲಿಗೆ ಕಳಿಸಿದ್ದಳಲ್ಲ, ಅದರಿಂದಾನಾ? ಇದೇ ಜಪ. ಕೊನೆಗೆ ಡಾಕ್ಟರಮ್ಮನ ಎದುರೇ ಕೇಳಿದಳು. ಅವರು ಸಮಾಧಾನವಾಗಿ ಹೇಳಿದ್ರು. ಇದಕ್ಕೆ ಒಂದೇ ಕಾರಣ ಅಂತಿಲ್ಲ. ಹುಟ್ಟಿನಿಂದ ಬರೋದು ಸ್ವಲ್ಪ, ಮಿದುಳು ಬೆಳೆಯೋ ರೀತಿ ಸ್ವಲ್ಪ, ಆಮೇಲೆ ಬದುಕಿನ ಒತ್ತಡ, ನಿದ್ದೆಗೆಡೋದು, ಇವೆಲ್ಲ ಯಾವಾಗಲೋ ಒಂದು ಕಡೆ ಸೇರುತ್ತೆ. ಜ್ವರಾನೂ ಅದರಲ್ಲಿ ಒಂದು ಎಳೆ ಇದ್ದಿರಬಹುದು, ಇಲ್ಲದೇನೂ ಇರಬಹುದು. ಯಾವುದು ಎಷ್ಟು ಅಂತ ಬಿಡಿಸಿ ಹೇಳೋಕೆ ಯಾರಿಂದಲೂ ಆಗಲ್ಲ. ಆದ್ರೆ ತಾಯಿ ಬೆಳೆಸಿದ ರೀತಿಯಿಂದ ಬರೋ ಕಾಯಿಲೆ ಅಲ್ಲ ಅಂತ ಮಾತ್ರ ಗೊತ್ತು ಅಂದ್ರು.

'ಹಾಗಾದ್ರೆ ತಪ್ಪು ಯಾರದ್ದು?' ಅಂದಳು ಅಮ್ಮ.

'ಸಕ್ಕರೆ ಕಾಯಿಲೆ ಬಂದ್ರೆ ತಪ್ಪು ಯಾರದ್ದು ಅಂತ ಕೇಳ್ತೀರಾ?'

'ಕೇಳ್ತೀನಿ. ಇವರಪ್ಪನಿಗೆ ಬಂದಾಗ ನಮ್ಮತ್ತೇನ ಚೆನ್ನಾಗಿ ಬೈದಿದ್ದೆ.'

ಡಾಕ್ಟರಮ್ಮ ಪೆನ್ನು ಕೆಳಗಿಟ್ಟುಬಿಟ್ರು.

ಅಣ್ಣ, ಒಂದು ಮಾತು. ಅತ್ತಿಗೆಗೆ ನನ್ನ ವಿಷಯ ಹೇಳಿದ್ದೀಯಾ?

ತಂಗಿ

---

ಆಗಸ್ಟ್ ೨೩

ಪ್ರೀತಿಯ ತಂಗಿ,

ಅವರ ಮನೆಯಲ್ಲಿ ನಿನ್ನ ಬಗ್ಗೆ ಕೇಳಿದ್ರು. ದೂರದಲ್ಲಿ ಯಾವುದೋ ಟ್ರೈನಿಂಗಿನಲ್ಲಿದ್ದಾಳೆ, ಮದುವೆಗೆ ಬರ್ತಾಳೆ ಅಂತ ಹೇಳಿದ್ದೀನಿ. ಬೇಜಾರು ಮಾಡ್ಕೋಬೇಡ. ಎಲ್ಲದಕ್ಕೂ ಸಮಯ ಅಂತ ಇರುತ್ತೆ. ಅಷ್ಟು ಹೊತ್ತಿಗೆ ನಿನ್ನ ಮಾತ್ರೆ ಗೀತ್ರೆ ಎಲ್ಲ ಮುಗಿದು, ನೀನು ಮೊದಲಿನ ಹಾಗೆ ಆಗಿದ್ರೆ ಹೇಳೋಕೆ ಏನೂ ಉಳಿದೇ ಇರಲ್ಲ ಅಲ್ವಾ?

ಅವಸರದಲ್ಲಿದ್ದೀನಿ. ಲಾರಿ ಹೊರಟಿದೆ, ಇದನ್ನ ಡ್ರೈವರ್ ಕೈಲಿ ಕೊಡಬೇಕು.

ಅಣ್ಣ

---

ಸೆಪ್ಟೆಂಬರ್ ೧೨

ನನ್ನ ಮುದ್ದಿನ ಅಣ್ಣ,

ನೀನು ಹೇಳಿದ್ದು ಸರಿ! ಎಲ್ಲ ಮುಗೀತು! ಎಷ್ಟು ಹಗುರಾಗಿದ್ದೀನಿ ಗೊತ್ತಾ? ಬಣ್ಣಗಳೆಲ್ಲ ವಾಪಸ್ ಬಂದಿವೆ, ಹತ್ತಿ ಎಲ್ಲ ಆಚೆ ಹೋಯ್ತು. ಬೆಳಿಗ್ಗೆ ಬೇಗ ಎಚ್ಚರ ಆಗುತ್ತೆ, ಅಮ್ಮ ಏಳೋ ಹೊತ್ತಿಗೆ ಮನೆಯೆಲ್ಲ ಒರೆಸಿಟ್ಟಿರ್ತೀನಿ. ಅಂಗಿಗಳೂ ಸರಿಹೋಗ್ತಿವೆ. ಮದುವೆ ದಿನ ನನ್ನನ್ನ ನೋಡಿ ಯಾರೂ ಏನೂ ಹೇಳೋಕಾಗಲ್ಲ. ನಿನ್ನ ಮಾವ ಮಾತು ಆಡ್ಲಿ ನೋಡೋಣ!

ನಿನಗೆ ಅಂತ ಒಂದು ಕೋಟು ಕತ್ತರಿಸ್ತಿದ್ದೀನಿ, ಆದ್ರೆ ಯಾರಿಗೂ ಹೇಳಬೇಡ. ಅಳತೆ ಬರೆದು ಕಳಿಸಬೇಡ. ಕಾಗದದಲ್ಲಿ ಅಂತೂ ಬೇಡ.

ತಂಗಿ

---

ಅಕ್ಟೋಬರ್ ೧೯

ತಂಗಿ,

ಈ ಸಲ ಆಸ್ಪತ್ರೆಯಲ್ಲಿ ನೀನು ನನ್ನನ್ನ ಗುರುತು ಹಿಡಿದೆ. ಅದೇ ಕಷ್ಟವಾಯ್ತು. 'ನೀನೇ ಅಲ್ವಾ ಮಾತ್ರೆ ಮುಗೀಬೇಕು ಅಂದಿದ್ದು? ನಿಲ್ಲಿಸಿದೆ. ಮತ್ಯಾಕೆ ಇಲ್ಲಿಗೆ ಕರ್ಕೊಂಡು ಬಂದೆ?' ಅಂದೆ.

ನಿನ್ನ ಸೆಪ್ಟೆಂಬರಿನ ಕಾಗದ ಓದಿ, ಕ್ಯಾಂಪಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದ್ದೆ ಕಣೆ. ತಂಗಿ ಹುಷಾರಾದಳು ಅಂತ.

ಡಾಕ್ಟರಮ್ಮನಿಂದ ಬೈಸಿಕೊಂಡೆ. ಕೂಗಲಿಲ್ಲ ಅವರು. ಹುಷಾರಾಗೋದು ಅಂದ್ರೆ ಮಾತ್ರೆ ಬಿಡೋದು ಅಂತ ನಿಮಗೆ ಯಾರು ಹೇಳಿದ್ದು, ನಿಮ್ಮ ತಂಗಿ ಮಾತ್ರೆ ತಗೊಂಡು ಹುಷಾರಾಗೇ ಇದ್ಲಲ್ಲ ಅಂದ್ರು. ಬಿಡೋದಾದ್ರೂ ಅವರ ಜೊತೆ ಮಾತಾಡಿ, ನಿಧಾನವಾಗಿ, ಅವರ ಕಣ್ಣೆದುರು. ಹೀಗೆ ದಿಢೀರಂತ ಅಲ್ಲ. ಧ್ವನಿ ಯಾವತ್ತೂ ಪೂರ್ತಿ ಹೋಗಿರಲಿಲ್ಲ ಅಂತ ನೀನು ಈಗ ಅವರಿಗೆ ಹೇಳಿದ್ದೀಯಂತೆ. ನನಗೂ ಹೇಳಬಹುದಿತ್ತು ಅಂತ ಬರೆಯೋಕೆ ಹೊರಟೆ. ಯಾವ ಬಾಯಲ್ಲಿ ಕೇಳಲಿ?

ರಜ ಕೇಳೋಕೆ ಹೋದಾಗ ಸ್ಟೋರಿನವರು ಅಲ್ಲೇ ಇದ್ರು. ಟ್ರೈನಿಂಗಿನಲ್ಲಿರೋ ತಂಗಿಗೆ ಏನಾಯ್ತು ಅಂದ್ರು. ಎಲ್ಲ ಹೇಳಿಬಿಟ್ಟೆ, ನಟ್ಟು ಬೋಲ್ಟಿನ ಡಬ್ಬಗಳ ಮಧ್ಯೆ ನಿಂತು. ಅವರು ಸ್ಟೋರಿಗೆ ಬೀಗ ಹಾಕಿ ಹೊರಟುಹೋದ್ರು. ನಾನು ವಾಪಸ್ ಬಂದಾಗ ಅವರೂ ರಜದಲ್ಲಿದ್ರು. ಎಲ್ಲಿಗೆ ಅಂತ ಯಾರಿಗೂ ಹೇಳಿಲ್ಲ. ಮದುವೆ ನಿಂತ ಹಾಗೇ ಅಂತ ಕಾಣುತ್ತೆ. ಅದಕ್ಕೆ ನೀನು ಕಾರಣ ಅಂತ ಒಂದು ಕ್ಷಣವೂ ಅಂದ್ಕೋಬೇಡ.

ಅಣ್ಣ

---

ನವೆಂಬರ್ ೧೬

ಅಣ್ಣ,

ಸ್ಟೋರಿನವರು ಎಲ್ಲಿಗೆ ಹೋಗಿದ್ರು ಅಂತ ನನಗೆ ಗೊತ್ತು. ಇಲ್ಲಿಗೆ ಬಂದಿದ್ರು. ಆಗ ನನಗಿನ್ನೂ ಸರಿಯಾಗಿರಲಿಲ್ಲ. ವಾರ್ಡಿನ ಹೊರಗೆ ಅಮ್ಮನ ಜೊತೆ ಕೂತು ವಾಪಸ್ ಹೋದ್ರಂತೆ. ಹೋದ ವಾರ ಮತ್ತೆ ಬಂದ್ರು, ನಾನು ಮನೆಗೆ ಬಂದ ಮೇಲೆ.

ಮದುವೆ ಮುರೀತು ಅಂತ ಹೇಳೋಕೆ ಬಂದಿದ್ದಾರೆ ಅಂದ್ಕೊಂಡೆ. ಚೀಲಾನ ತೊಡೆ ಮೇಲಿಟ್ಕೊಂಡು, ಸುತ್ತಿ ಬಳಸದೆ ಕೇಳಿದ್ರು, 'ಏನು ಕೇಳಿಸುತ್ತೆ ನಿಮಗೆ?' ಅಷ್ಟು ನೇರವಾಗಿ ನೀನೂ ಕೇಳಿಲ್ಲ, ಅಮ್ಮನೂ ಕೇಳಿಲ್ಲ. ಹೇಳಿದೆ. ಆ ಮನುಷ್ಯ ಈಗಲೂ ಇದ್ದಾನೆ, ದೂರದ ಮನೆಯ ರೇಡಿಯೋ ಹಾಗೆ. ಹೆಚ್ಚಿನ ದಿನ ಏನು ಹೇಳ್ತಾನೆ ಅಂತ ಗೊತ್ತಾಗಲ್ಲ. ಸುಸ್ತಾದಾಗ, ನಿದ್ದೆಗೆಟ್ಟಾಗ ಹತ್ತಿರ ಬರ್ತಾನೆ. ಅವನು ನನ್ನ ಮಿದುಳಿನವನೇ ಅಂತ ಗೊತ್ತಿದ್ರೂ, ಹತ್ತಿರ ಬಂದಾಗ ಆ ತಿಳಿವಳಿಕೆ ಕೈಗೆ ಸಿಗಲ್ಲ. ಆಸ್ಪತ್ರೆಯಲ್ಲಿ ಇಲ್ಲ ಅಂತ ಸುಳ್ಳು ಹೇಳಿದ್ದು ಯಾಕೆ ಅಂದ್ರು. ಬೇಗ ಮನೆಗೆ ಕಳಿಸಲಿ ಅಂತ, ಇನ್ಯಾಕೆ?

ಆಮೇಲೆ, 'ನಿಮ್ಮ ಡಾಕ್ಟರನ್ನ ನಾನು ನೋಡಬಹುದಾ, ನೀವೂ ಜೊತೆಗಿರಬೇಕು' ಅಂದ್ರು. ಇಬ್ಬರೂ ಹೋದ್ವಿ. ಮುಂದೆ ತಮಗೆ ಮಕ್ಕಳಾದ್ರೆ ಏನು ಅಂತ ಕೇಳಿದ್ರು. ಸೋದರತ್ತೆಗೆ ಇದ್ರೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಸಾಧ್ಯತೆ ಇರುತ್ತೆ, ಆದ್ರೆ ಹೆಚ್ಚಿನ ಮಕ್ಕಳಿಗೆ ಬರಲ್ಲ, ಮುಂಚೆಯೇ ಗಮನಿಸಿದ್ರೆ ಬಂದವರಿಗೂ ದಾರಿ ಇದೆ ಅಂದ್ರು ಡಾಕ್ಟರಮ್ಮ. ಇದನ್ನ ನೀನು ಎಷ್ಟು ದಿನದಿಂದ ಒಳಗೊಳಗೇ ಯೋಚಿಸ್ತಿದ್ದೆ ಅಣ್ಣ? ಕೇಳಿಬಿಟ್ಟಿದ್ರೆ ಅಷ್ಟೇ ಆಗಿತ್ತಲ್ಲ. ಅಲ್ಲೇ ನನ್ನ ಔಷಧಿ ಮಾತೂ ಬಂತು. ದಿನಾ ಮಾತ್ರೆ ನೋಡಿದಾಗಲೆಲ್ಲ ಬಿಟ್ಟುಬಿಡಲಾ ಅನಿಸುತ್ತೆ ಅಂತ ಹೇಳ್ಕೊಂಡೆ. ತಿಂಗಳಿಗೊಂದು ಇಂಜೆಕ್ಷನ್ ಇದೆಯಂತೆ. ಬೇಕಾ ಅಂತ ನನ್ನನ್ನೇ ಕೇಳಿದ್ರು. ಬೇಕು ಅಂದೆ.

ವಾಪಸ್ ಬರೋವಾಗ ಬಸ್ ಸ್ಟಾಪಿನಲ್ಲಿ ಅವರು ಕೇಳಿದ್ದು ಇದು. 'ನಮ್ಮ ಮನೆಯಲ್ಲಿದ್ದಾಗ ನಿಮಗೆ ಮತ್ತೆ ಹಾಗಾದ್ರೆ ನಾನೇನು ಮಾಡಬೇಕು?'

ಯೋಚನೆ ಮಾಡಿ ಹೇಳಬೇಕಾಯ್ತು. ಎರಡು ಬಸ್ ಹೋದ ಮೇಲೆ ಹೀಗಂದೆ. ಅಂಥದ್ದೇನೂ ಇಲ್ಲ ಅಂತ ವಾದ ಮಾಡಬೇಡಿ, ಆಗ ನೀವೂ ಅವನ ಕಡೆಯವರು ಅನಿಸುತ್ತೆ. ಹೌದು ಇದೆ ಅಂತಲೂ ಹೇಳಬೇಡಿ, ಅದು ಇನ್ನೂ ಭಯ. 'ನನಗೆ ಕೇಳಿಸ್ತಿಲ್ಲ, ಆದ್ರೆ ನಿಮಗೆ ಹೆದರಿಕೆ ಆಗ್ತಿದೆ ಅಂತ ಗೊತ್ತಾಗ್ತಿದೆ' ಅನ್ನಿ. ಸುತ್ತ ಜನ ಕಡಿಮೆ ಮಾಡಿ. ಡಾಕ್ಟರಮ್ಮನಿಗೆ ಫೋನ್ ಮಾಡಿ, ನನ್ನೆದುರೇ ಮಾಡಿ, ಮರೆಯಲ್ಲಿ ಅಲ್ಲ.

ಎಲ್ಲ ಕೇಳಿಸಿಕೊಂಡು, 'ಸರಿ' ಅಂದ್ರು. ಆಮೇಲೆ, 'ನಿಮ್ಮಣ್ಣನನ್ನ ಮದುವೆಯಾಗೋದೋ ಬೇಡ್ವೋ ಇನ್ನೂ ಗೊತ್ತಿಲ್ಲ. ಕಾಯಿಲೆಗಲ್ಲ. ಟ್ರೈನಿಂಗ್ ಅಂದ್ರಲ್ಲ, ಅದಕ್ಕೆ. ಆಗದೇ ಇದ್ರೂ ನಿಮ್ಮನ್ನ ನೋಡೋಕೆ ಬರಬಹುದಾ?' ಅಂದ್ರು.

ಬನ್ನಿ ಅಂದೆ.

ಈಗ ನೀನೇ ಅವರ ಹತ್ತಿರ ಹೋಗು. ನೆಪ ಹುಡುಕ್ಕೊಂಡು ಹೋಗಬೇಡ. ಸುಮ್ಮನೆ ಹೋಗು.

ತಂಗಿ

---

ಡಿಸೆಂಬರ್ ೮

ಪ್ರೀತಿಯ ತಂಗಿ,

ಹೋದೆ. 'ಮದುವೆ ಏಪ್ರಿಲ್‌ಗೆ ಇಟ್ಕೊಳ್ಳೋಣ. ಅಲ್ಲಿವರೆಗೂ ಸುಳ್ಳು ಹೇಳದೆ ಇರೋಕಾಗುತ್ತಾ ನೋಡೋಣ' ಅಂದ್ರು. ಅವರಪ್ಪನಿಗೆ ನಾನೇ ಹೇಳಬೇಕು ಅಂತಲೂ ಹೇಳಿದ್ರು.

ಭಾನುವಾರ ಅವರ ಮನೆಗೆ ಹೋಗಿದ್ವಿ. ಗಾರ್ಡ್ ಸಾಹೇಬ್ರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ರು. ನನ್ನ ತಂಗಿಗೆ ಸ್ಕಿಜೋಫ್ರೇನಿಯಾ ಇದೆ, ಎರಡು ಸಲ ಆಸ್ಪತ್ರೆಯಲ್ಲಿದ್ದಳು, ಔಷಧಿ ತಗೊಳ್ತಾಳೆ, ಕೆಲಸಕ್ಕೆ ಹೋಗ್ತಾಳೆ, ನಿಮಗೆ ನಾನು ಸುಳ್ಳು ಹೇಳಿದ್ದೆ ಅಂದೆ. ಒಂದೇ ಉಸಿರಿಗೆ. ಅವರ ಹೆಂಡತಿ ಎದ್ದು ಒಳಗೆ ಹೋದ್ರು, ನಾವು ಹೊರಡೋವರೆಗೂ ಆಚೆ ಬರಲಿಲ್ಲ. ಅವರಿಗೆ ಸಮಯ ಬೇಕು ಅನಿಸುತ್ತೆ.

ಸಾಹೇಬ್ರು, 'ಆ ಹುಡುಗಿ ಮದುವೆಗೆ ಬರ್ತಾಳಾ?' ಅಂದ್ರು.

ನನಗೆ ಮೈ ಉರಿದುಹೋಯ್ತು. ಬರಬಾರದು ಅಂತ ಹೇಳೋಕೆ ಪೀಠಿಕೆ ಹಾಕ್ತಿದ್ದಾರೆ ಅಂತ, 'ಬಂದೇ ಬರ್ತಾಳೆ, ಅವಳು ಬರದಿದ್ರೆ ನಾನೂ ಬರಲ್ಲ' ಅಂದೆ, ಸ್ವಲ್ಪ ಜೋರಾಗೇ.

'ಯಾಕಪ್ಪ ಕೂಗ್ತೀಯ?' ಅಂದ್ರು. 'ನಮ್ಮ ಕಡೆಯವರು ಒಂದು ಕಡೆ ಸೇರಿದ್ರೆ ಗದ್ದಲ ಹೆಚ್ಚು. ಅಷ್ಟು ಜನ, ಅಷ್ಟು ಮಾತು, ಅವಳಿಗೆ ಒಗ್ಗುತ್ತೋ ಇಲ್ವೋ. ಎಲ್ಲಿ ಕೂತ್ರೆ ಅವಳಿಗೆ ಆರಾಮ ಅಂತ ಕೇಳಿದ್ಯಾ?'

ಕೇಳಿರಲಿಲ್ಲ.

ಈಗ ಕೇಳ್ತಿದ್ದೀನಿ. ನಿಧಾನವಾಗಿ ಯೋಚಿಸಿ ಬರಿ. ಎಲ್ಲಿ ಕೂರ್ತೀಯ, ಪಕ್ಕದಲ್ಲಿ ಯಾರಿರಬೇಕು, ಸಾಕು ಅನಿಸಿದಾಗ ಹೇಗೆ ಹೊರಡಬೇಕು. ನೀನು ಹೇಳಿದ ಹಾಗೆ ಮಾಡೋಣ.

ನಿನ್ನ ಅಣ್ಣ